‘ಕಲ್ಚರಲ್ ಲ್ಯಾಗ್’: ಹಿಂದುಳಿಯುವಿಕೆಯೋ, ಹಿಂಬೀಳಿಕೆಯೋ?

ಪ್ರಶ್ನೆ: ಸಮಾಜಶಾಸ್ತ್ರದ ‘ಕಲ್ಚರಲ್ ಲ್ಯಾಗ್’ಗೆ ‘ಸಾಂಸ್ಕೃತಿಕ ಹಿಂದುಳಿಯುವಿಕೆ’ ಎನ್ನಬಹುದೆ? ಹೊಸ ತಂತ್ರಜ್ಞಾನ ಬಂದರೂ ಜನರ ಮೌಲ್ಯಗಳು ಬದಲಾಗದಿದ್ದಾಗಲೆಲ್ಲ ಈ ಪದ ಸಲ್ಲುತ್ತದೆಯೆ?

ಉತ್ತರ 1: ‘ಹಿಂದುಳಿಯುವಿಕೆ’ ಬೇಡ. ‘ಹಿಂದುಳಿದ’ ಎಂಬ ಮಾತು ನಮ್ಮಲ್ಲಿ ಜನರಿಗೆ, ಸಮುದಾಯಗಳಿಗೆ ಅಂಟಿಕೊಂಡಿದೆ. ಓದಿದವರು ಕೂಡಲೇ ‘ಯಾರು?’ ಎಂದು ಕೇಳುತ್ತಾರೆ. ಅಮೆರಿಕದ ಸಮಾಜಶಾಸ್ತ್ರಜ್ಞ ವಿಲಿಯಂ ಆಗ್‌ಬರ್ನ್ 1922ರಲ್ಲಿ ಈ ಪರಿಕಲ್ಪನೆ ಮುಂದಿಟ್ಟದ್ದು ಸಂಸ್ಕೃತಿಯ ಒಂದು ಭಾಗ ಬದಲಾಗಿ ಅದಕ್ಕೆ ಹೊಂದಿಕೊಂಡಿದ್ದ ಇನ್ನೊಂದು ಭಾಗ ಹಿಂದೆ ಬಿದ್ದಾಗ ಉಂಟಾಗುವ ಅಂತರ ಹೇಳುವುದಕ್ಕೆ. ಅವರದೇ ಉದಾಹರಣೆ ನೋಡಿ. ಅಮೆರಿಕದ ಕಾರ್ಖಾನೆಗಳಲ್ಲಿ ಯಂತ್ರಕ್ಕೆ ಸಿಕ್ಕಿ ಗಾಯಗೊಳ್ಳುವವರು ಹೆಚ್ಚಿದ ಮೇಲೂ ದಶಕಗಳ ಕಾಲ ಹಳೆಯ ನಿಯಮವೇ ನಡೆಯಿತು: ಮಾಲೀಕನ ತಪ್ಪನ್ನು ಗಾಯಾಳುವೇ ಸಾಬೀತು ಮಾಡಬೇಕು. ಪರಿಹಾರದ ಕಾನೂನುಗಳು ರಾಜ್ಯದಿಂದ ರಾಜ್ಯಕ್ಕೆ ಹರಡಿದ್ದು 1910ರ ದಶಕದಲ್ಲಿ. ಇಲ್ಲಿ ಹಿಂದೆ ಬಿದ್ದದ್ದು ಕಾನೂನು, ಕಾರ್ಮಿಕರಲ್ಲ. ಆದ್ದರಿಂದ ‘ಹಿಂಬೀಳಿಕೆ’ಯೇ ವಾಸಿ. ‘ವಿಳಂಬ’ ಎಂದರೆ ಯಾರೋ ಕಡತ ಹಿಡಿದು ಕೂತ ಹಾಗೆ ಕೇಳಿಸುತ್ತದೆ.

ಎರಡನೆಯದಕ್ಕೆ: ಇಲ್ಲ. ಈ ಪದ ಬಳಸಲು ನಾಲ್ಕು ವಿಷಯ ತೋರಿಸಬೇಕು. ಎರಡು ಅಂಶಗಳನ್ನು ಹೆಸರಿಸಬೇಕು. ಅವು ಮೊದಲು ಹೊಂದಿಕೊಂಡಿದ್ದವು ಎನ್ನಬೇಕು. ಒಂದು ಬದಲಾಗಿ ಇನ್ನೊಂದು ಬದಲಾಗದೆ ಉಳಿದದ್ದನ್ನು ಇಸವಿ ಸಹಿತ ಹೇಳಬೇಕು. ಅದರಿಂದ ಹೊಂದಾಣಿಕೆ ಕೆಟ್ಟದ್ದನ್ನು ಕಾಣಿಸಬೇಕು. ಬರಹಗಳು ಹೆಚ್ಚಾಗಿ ಜಾರುವುದು ಇಸವಿಯಲ್ಲೇ. ಮುಂದೆ ಹೋದದ್ದು ತಂತ್ರಜ್ಞಾನವೇ ಆಗಿರಬೇಕೆಂದೂ ಇಲ್ಲ.

ಹೊಸದನ್ನು ಬೇಕೆಂದೇ ಒಲ್ಲೆವೆಂದರೆ ಅದು ಹಿಂಬೀಳಿಕೆಯಲ್ಲ. ಅಮೆರಿಕದ ಸಂಪ್ರದಾಯಸ್ಥ ಕ್ರೈಸ್ತ ಪಂಥವಾದ ಅಮಿಶ್ ಜನರ ಹಲವು ಸಮುದಾಯಗಳಲ್ಲಿ ಫೋನ್ ಮನೆಯೊಳಗೆ ಬರುವುದಿಲ್ಲ, ಹೊರಗಿನ ಗೂಡಿನಲ್ಲಿರುತ್ತದೆ. ಮನೆಮಂದಿಯ ಒಡನಾಟ ಕೆಡಬಾರದೆಂದು ಯೋಚಿಸಿಯೇ ಮಾಡಿಕೊಂಡ ಏರ್ಪಾಡು ಅದು. ಇದಕ್ಕೆ ‘ಆಯ್ದ ಅಳವಡಿಕೆ’ ಎನ್ನಿ.

ಉತ್ತರ 2: ಇದಕ್ಕೆ ಒಂದು ಸೇರಿಸುತ್ತೇನೆ. ‘ತಂತ್ರಜ್ಞಾನದ ಪರಿಣಾಮ’ ಎಂದು ಬರೆದರೆ ದಾರಿ ಒಂದೇ ದಿಕ್ಕಿನದಾಗುತ್ತದೆ. ಎರಡೂ ಕಡೆಯದನ್ನು ಹೇಳಬೇಕಾದಲ್ಲಿ ‘ಪರಸ್ಪರ ರೂಪಣೆ’ ಸರಿ. ಸಮಾಜವೂ ತಂತ್ರಜ್ಞಾನವನ್ನು ರೂಪಿಸುತ್ತದೆ ಎಂಬುದನ್ನು ತಂತ್ರಜ್ಞಾನದ ಸಮಾಜಶಾಸ್ತ್ರಜ್ಞರಾದ ಪಿಂಚ್ ಮತ್ತು ಬೈಕರ್ 1984ರಲ್ಲಿ ಬೈಸಿಕಲ್ಲನ್ನೇ ಎತ್ತಿಕೊಂಡು ವಿವರಿಸಿದರು. ಮುಂದಿನ ಚಕ್ರ ಎತ್ತರವಾಗಿದ್ದ ಹಳೆಯ ಬೈಸಿಕಲ್ ಸಾಹಸಪ್ರಿಯ ಯುವಕರಿಗೆ ಹೆಮ್ಮೆ. ಉದ್ದ ಲಂಗದ ಮಹಿಳೆಯರಿಗೆ, ವಯಸ್ಸಾದವರಿಗೆ ಅಪಾಯ. ಗಾಳಿ ತುಂಬಿದ ಟೈರು 1888ರಲ್ಲಿ ಬಂದದ್ದು ಕುಲುಕಾಟ ತಗ್ಗಿಸಲು. ಪಂದ್ಯದ ಸವಾರರು ಮೊದಲು ನಕ್ಕರು, ಅದೇ ಟೈರಿನವರು ಗೆಲ್ಲತೊಡಗಿದ ಮೇಲೆ ಅದು ವೇಗದ ಸಾಧನವಾಯಿತು. ‘ಸುರಕ್ಷಿತ’, ‘ವೇಗದ’ ಎಂಬ ವಿಶೇಷಣ ಬಳಸುವಾಗ ಯಾರ ಪಾಲಿಗೆ ಎಂಬುದನ್ನೂ ವಾಕ್ಯದಲ್ಲೇ ಬರೆಯಿರಿ.