ಹೊಗೆಮಂಜಿನ ಬಾಲ್ಯ: ಬೈಯಬೇಕಾದ್ದು ಯಾರನ್ನು?

ಹಳೇ ಮಫ್ಲರ್: 1962ರ ಡಿಸೆಂಬರ್. ಅಪ್ಪನ ಕೆಲಸದ ಸಲುವಾಗಿ ನಾವು ಲಂಡನ್ನಿನಲ್ಲಿದ್ದೆವು. ಹೊಗೆಮಂಜು ಇಳಿದರೆ ಬೀದಿದೀಪದ ಕಂಬ ಹಣೆಗೆ ತಾಗುವವರೆಗೂ ಕಾಣುತ್ತಿರಲಿಲ್ಲ. ಬಾಯಿಗೆ ಮಫ್ಲರ್ ಸುತ್ತಿ, ಗೋಡೆ ಸವರುತ್ತಾ ಶಾಲೆಗೆ ಹೋಗುತ್ತಿದ್ದೆವು. ಸೀನಿದರೆ ಕರ್ಚೀಫೆಲ್ಲ ಕಪ್ಪು. ನಮಗೋ ಅದು ಪುಕ್ಕಟೆ ಕಣ್ಣಾಮುಚ್ಚಾಲೆ! ಕಾರ್ಖಾನೆಯವರು ಮಕ್ಕಳಿಗೆ ಏನು ಕುಡಿಸುತ್ತಿದ್ದರು ಅಂತ ದೊಡ್ಡವನಾದ ಮೇಲೆ ಗೊತ್ತಾಯ್ತು.

ಬೂದಿಗುಡ್ಡೆ: ಬರೀ ಕಾರ್ಖಾನೆಯವರನ್ನು ಯಾಕೆ ಬೈಯುತ್ತೀರಿ ಸಾರ್? ಲಂಡನ್ನಿನ ಹೊಗೆಯಲ್ಲಿ ಮನೆಮನೆಯ ಅಗ್ಗಿಷ್ಟಿಕೆಯದೂ ದೊಡ್ಡ ಪಾಲು. 1952ರ ಡಿಸೆಂಬರ್ 5ರಿಂದ 9ರವರೆಗೆ ಲಂಡನ್ನಿಗೆ ಕವಿದ ಆ ಕೊಲೆಗಾರ ಹೊಗೆಮಂಜನ್ನೇ ನೋಡಿ. ವಿಪರೀತ ಚಳಿ, ಎಲ್ಲರೂ ಕಲ್ಲಿದ್ದಲು ಜಾಸ್ತಿ ಸುರಿದರು. ಮೇಲೆ ಬೆಚ್ಚನೆಯ ಗಾಳಿ ಮುಚ್ಚಳದ ಹಾಗೆ ಕೂತಿತ್ತು, ಕೆಳಗೆ ಗಾಳಿ ಅಲುಗಲಿಲ್ಲ. ಮನೆಯ ಚಿಮಣಿಗಳು ಗಿಡ್ಡ. ಹೊಗೆ ಬೀದಿಯಲ್ಲೇ ಉಳಿಯಿತು.

ರಾತ್ರಿಪಾಳಿ: ಹಾಗಾದರೆ ಡೊನೋರಾ? 1948ರ ಅಕ್ಟೋಬರಿನಲ್ಲಿ ಅಮೆರಿಕದ ಆ ಪುಟ್ಟ ಊರಿನಲ್ಲಿ ಇಂಥದೇ ಹೊಗೆಮಂಜಿಗೆ 20 ಜನ ಸತ್ತರು. ಅಲ್ಲಿದ್ದದ್ದು ಸತುವಿನ ಕಾರ್ಖಾನೆ, ಉಕ್ಕಿನ ಕಾರ್ಖಾನೆ. ಅದಕ್ಕೂ ಅಜ್ಜಿಯ ಒಲೆಯನ್ನೇ ಬೈಯೋಣವಾ?

ಬೂದಿಗುಡ್ಡೆ: ಡೊನೋರಾ ಬೇರೆ, ಒಪ್ಪಿದೆ. ಲಂಡನ್ನಿನಲ್ಲೂ ನಾನು ಬಡವರನ್ನು ಬೈಯುತ್ತಿಲ್ಲ. ಯುದ್ಧ ಮುಗಿದರೂ ಕಲ್ಲಿದ್ದಲಿಗೆ ರೇಷನ್ ಇತ್ತು. ಅದೇ ಡಿಸೆಂಬರಿನಲ್ಲಿ ರೇಷನ್ ಇಲ್ಲದೆ ಸಿಕ್ಕಿದ್ದು 'ನಟ್ಟಿ ಸ್ಲ್ಯಾಕ್' ಎಂಬ ಪುಡಿ ಕಲ್ಲಿದ್ದಲು. ಅಗ್ಗ, ಆದರೆ ಹೊಗೆಯೋ ಹೊಗೆ. ಚಳಿಯಲ್ಲಿ ನಡುಗುವವರು ಇನ್ನೇನು ಉರಿಸಬೇಕಿತ್ತು?

ಸಂಜೆಗಣ್ಣು: ನನಗೆ ಚುಚ್ಚಿದ್ದು 'ಪುಕ್ಕಟೆ ಕಣ್ಣಾಮುಚ್ಚಾಲೆ' ಅನ್ನುವ ಮಾತು. 1952ರಲ್ಲಿ ಸತ್ತವರು ಸುಮಾರು 4,000 ಅಂತ ಆಗಿನ ಲೆಕ್ಕ, 12,000 ಅಂತ ಆಮೇಲಿನ ಅಂದಾಜು. ಆಗ ಒಂದು ವರ್ಷವೂ ತುಂಬದಿದ್ದ ಕೂಸುಗಳಲ್ಲಿ ಮುಂದೆ ಆಸ್ತಮಾ ಜಾಸ್ತಿ ಕಂಡಿತು ಅಂತ 2016ರ ಅಧ್ಯಯನವೊಂದು ಹೇಳುತ್ತದೆ. ಉಬ್ಬಸ ಬಂದು ಮನೆಯಲ್ಲೇ ಮಲಗಿದ್ದ ಮಗುವಿಗೆ ಎಂಥ ಆಟ?

ಹಳೇ ಮಫ್ಲರ್: ಮಗುವಾಗಿದ್ದಾಗ ಅನಿಸಿದ್ದನ್ನು ಹೇಳಿದೆ ತಾಯಿ, ಹೊಗೆಯನ್ನು ಹೊಗಳಲಿಲ್ಲ. ನನ್ನ ಸಿಟ್ಟೇ ಬೇರೆ. ಶುದ್ಧ ಗಾಳಿಯ ಕಾಯ್ದೆ ಬಂದದ್ದು 1956ರಲ್ಲಿ. ಆರು ವರ್ಷ ಕಳೆದರೂ ನಾವು ಅದನ್ನೇ ಉಸಿರಾಡಿದೆವಲ್ಲ!

ಬೂದಿಗುಡ್ಡೆ: ಕಾಯ್ದೆ ಬಂದ ಮರುದಿನವೇ ಒಲೆ ಬದಲಾಗುತ್ತದಾ? ಹೊಗೆರಹಿತ ವಲಯಗಳನ್ನು ಒಂದೊಂದಾಗಿ ಮಾಡುತ್ತಾ ಹೋದರು. ಒಲೆ ಬದಲಿಸಲು ಜನರಿಗೆ ದುಡ್ಡೂ ಕೊಟ್ಟರು. 1962ರ ಹೊತ್ತಿಗೆ ಮಸಿ ಕಡಿಮೆಯಾಗಿತ್ತು. ಗಂಧಕದ ಹೊಗೆ ಮಾತ್ರ ಹಾಗೇ ಇತ್ತು.

ರಾತ್ರಿಪಾಳಿ: ಸರಿ, ಆ ಗಂಧಕದಲ್ಲಿ ವಿದ್ಯುತ್ ಸ್ಥಾವರಗಳ ಪಾಲು ಎಷ್ಟಿತ್ತು? ಅದನ್ನು ಹೇಳದೆ ಜಾರಿಕೊಳ್ಳಬೇಡಿ.