ಸೊಂಟದ ಕೀಲಿನ ಶಸ್ತ್ರಚಿಕಿತ್ಸೆ: ಅಂದಾಜು ಪಟ್ಟಿಯಲ್ಲಿರುವ ‘ಸಿಮೆಂಟ್ ರೆಸ್ಟ್ರಿಕ್ಟರ್ – 2’ ಎಂದರೆ ಏನು?

ಬೆಳೆಗಾರ, ಮೂಡಿಗೆರೆ:

ಎಲ್ಲರಿಗೂ ನಮಸ್ಕಾರ. ನನ್ನ ತಾಯಿಯವರಿಗೆ 78 ವರ್ಷ. ನಿನ್ನೆ ಬೆಳಿಗ್ಗೆ ಕಾಫಿ ಕಣದ ಪಕ್ಕದಲ್ಲಿ ಪಾಚಿ ಕಟ್ಟಿದ್ದ ಮೆಟ್ಟಿಲಿನ ಮೇಲೆ ಜಾರಿ ಬಿದ್ದು, ಅವರ ಬಲಗಡೆಯ ತೊಡೆಮೂಳೆಯ ಕತ್ತು ಮುರಿದಿದೆ. ಹಾಸನದ ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿದ್ದೇವೆ. ಮುರಿದ ಚೆಂಡನ್ನು ತೆಗೆದು ಬೈಪೋಲಾರ್ ಎಂಬ ಕೃತಕ ಕೀಲನ್ನು ಸಿಮೆಂಟ್ ಹಾಕಿ ಕೂರಿಸಬೇಕೆಂದೂ, ತಡಮಾಡದೆ ನಾಳೆಯೇ ಮಾಡುವುದು ಒಳ್ಳೆಯದೆಂದೂ ವೈದ್ಯರು ಹೇಳಿದ್ದಾರೆ. ತಾಯಿಯವರಿಗೆ ಬಿ.ಪಿ. ಇದೆ, ಮಳೆಗಾಲದಲ್ಲಿ ಉಬ್ಬಸವೂ ಬರುತ್ತದೆ.

ಬಿಲ್ಲಿಂಗ್ ಕೌಂಟರಿನಲ್ಲಿ ಕೊಟ್ಟ ಅಂದಾಜು ಪಟ್ಟಿಯಲ್ಲಿ ಕೀಲು, ಬೋನ್ ಸಿಮೆಂಟ್ ಎರಡು ಪ್ಯಾಕ್ ಇವುಗಳ ಜೊತೆಗೆ ‘ಸಿಮೆಂಟ್ ರೆಸ್ಟ್ರಿಕ್ಟರ್ – 2’ ಎಂದು ಬರೆದಿದೆ. ಏನೆಂದು ಕೇಳಿದರೆ ‘ಅದೊಂದು ಪ್ಲಾಸ್ಟಿಕ್ ಪ್ಲಗ್’ ಎಂಬುದಕ್ಕಿಂತ ಹೆಚ್ಚಿನ ಉತ್ತರ ಸಿಗಲಿಲ್ಲ. ಶಸ್ತ್ರಚಿಕಿತ್ಸೆ ಒಂದು ಕಾಲಿಗೆ ಮಾತ್ರವಿರುವಾಗ ಎರಡು ಪ್ಲಗ್ ಏಕೆ ಬೇಕು? ಅದು ಒಳಗೇ ಉಳಿಯುತ್ತದೆಯೇ? ಅದಿಲ್ಲದೆ ಸಿಮೆಂಟ್ ಹಾಕಲು ಬರುವುದಿಲ್ಲವೇ? ತಿಳಿದವರು ದಯವಿಟ್ಟು ವಿವರಿಸಬೇಕೆಂದು ಕೋರುತ್ತೇನೆ.

ನಿವೃತ್ತ ಇಂಜಿನಿಯರ್, ಚಿಕ್ಕಮಗಳೂರು:

ತಾಯಿಯವರು ಬೇಗ ಗುಣಮುಖರಾಗಲಿ. ಆದರೆ ಒಂದು ಮಾತನ್ನು ಹೇಳಲೇಬೇಕು. ನಮ್ಮ ದೊಡ್ಡಪ್ಪನವರಿಗೆ ಬಹಳ ಹಿಂದೆ ಇದೇ ಶಸ್ತ್ರಚಿಕಿತ್ಸೆ ಆಗಿತ್ತು. ಆಗ ಸಿಮೆಂಟನ್ನು ಕೈಯಿಂದಲೇ ತುಂಬಿದ್ದರೆಂದು ಅವರೇ ಹೇಳುತ್ತಿದ್ದರು, ಪ್ಲಗ್ಗಿನ ಮಾತೇ ಇರಲಿಲ್ಲ. ಅವರು ಕೊನೆಯವರೆಗೂ ತೋಟದಲ್ಲಿ ಓಡಾಡಿಕೊಂಡಿದ್ದರು. ಹೆಬ್ಬೆರಳಿನಷ್ಟು ಪ್ಲಾಸ್ಟಿಕ್ ತುಂಡನ್ನು ಪಟ್ಟಿಗೆ ಸೇರಿಸಿ, ಅದನ್ನೂ ಎರಡೆಂದು ಬರೆಯುವುದು ನನಗೆ ಬಿಲ್ ಏರಿಸುವ ಉಪಾಯದಂತೆಯೇ ಕಾಣುತ್ತದೆ. ಅಗತ್ಯವಿದೆಯೇ ಎಂದು ಬರವಣಿಗೆಯಲ್ಲಿ ಕೇಳಿ.

ಮೂಳೆ ವೈದ್ಯ, ಹಾಸನ:

ರೋಗಿಯನ್ನು ನಾನು ನೋಡಿಲ್ಲವಾದ್ದರಿಂದ ಚಿಕಿತ್ಸೆಯ ತೀರ್ಮಾನದ ಬಗ್ಗೆ ಮಾತನಾಡುವುದಿಲ್ಲ, ಆ ವಸ್ತುವಿನ ಬಗ್ಗೆ ಮಾತ್ರ ಹೇಳುತ್ತೇನೆ. ಆದರೆ ಅದಕ್ಕಿಂತ ಮೊದಲು, ಬೆಳೆಗಾರರೇ, ಪಟ್ಟಿಯ ಒಂದು ಸಾಲಿಗಾಗಿ ಶಸ್ತ್ರಚಿಕಿತ್ಸೆಯ ದಿನವನ್ನು ದಯವಿಟ್ಟು ಮುಂದೂಡಬೇಡಿ. ಈ ವಯಸ್ಸಿನಲ್ಲಿ ಸೊಂಟ ಮುರಿದವರು ಮಲಗಿದಷ್ಟೂ ಎದೆಯ ಸೋಂಕು, ಬೆನ್ನಿನ ಹುಣ್ಣು, ಕಾಲಿನ ರಕ್ತನಾಳದಲ್ಲಿ ಹೆಪ್ಪು ಇವುಗಳ ಭಯ ಏರುತ್ತಲೇ ಹೋಗುತ್ತದೆ. ಉಬ್ಬಸವಿರುವವರಿಗೆ ಇದು ಇನ್ನೂ ಮುಖ್ಯ.

ಬೋನ್ ಸಿಮೆಂಟ್ ಎಂದು ಕರೆಯುವುದು ಪಾಲಿಮೀಥೈಲ್ ಮೆಥಾಕ್ರಿಲೇಟ್ ಎಂಬ ಅಕ್ರಿಲಿಕ್ ವಸ್ತುವನ್ನು. ಹಲ್ಲಿನ ಸೆಟ್ ಮಾಡುವುದೂ ಇದೇ ಕುಟುಂಬದ ವಸ್ತುವಿನಿಂದ. ಒಂದು ಪ್ಯಾಕಿನಲ್ಲಿ ಸಾಮಾನ್ಯವಾಗಿ 40 ಗ್ರಾಂ ಪುಡಿ ಮತ್ತು ಸುಮಾರು 20 ಮಿ.ಲೀ. ದ್ರವ ಇರುತ್ತವೆ. ಎರಡನ್ನೂ ಕಲೆಸಿದಾಗ ಹಿಟ್ಟಿನ ಹದಕ್ಕೆ ಬಂದು, ಬಿಸಿಯೇರಿ, ಹತ್ತು ಹನ್ನೆರಡು ನಿಮಿಷಗಳಲ್ಲಿ ಗಟ್ಟಿಯಾಗುತ್ತದೆ. ಇದು ಅಂಟಲ್ಲ ಎಂಬುದನ್ನು ಗಮನಿಸಬೇಕು. ಮೂಳೆಗಾಗಲಿ ಲೋಹಕ್ಕಾಗಲಿ ಅದು ಅಂಟಿಕೊಳ್ಳುವುದಿಲ್ಲ. ತೊಡೆಮೂಳೆಯ ಒಳಗೋಡೆಯಲ್ಲಿರುವ ಸ್ಪಂಜಿನಂಥ ಮೂಳೆಯ ಸಣ್ಣ ರಂಧ್ರಗಳೊಳಗೆ ನುಗ್ಗಿ, ಅಲ್ಲಿಯೇ ಗಟ್ಟಿಯಾಗಿ ಬಿಗಿಹಿಡಿಯುತ್ತದೆ. ಆದ್ದರಿಂದ ಎಲ್ಲವೂ ಒತ್ತಡದ ಮೇಲೆ ನಿಂತಿದೆ.

ತೊಡೆಮೂಳೆಯ ಒಳಗಿನ ಮಜ್ಜೆಯ ನಾಳ ಕೆಳಗೆ ಮಂಡಿಯ ಹತ್ತಿರದವರೆಗೂ ಸಾಗುತ್ತದೆ. ನಾವು ಹಾಕುವ ಕಾಂಡವಾದರೋ, ಎಂದರೆ ಕೃತಕ ಕೀಲಿನ ಉದ್ದನೆಯ ಲೋಹದ ಭಾಗವಾದರೋ, ಮೇಲಿನ ಒಂದು ಭಾಗದಲ್ಲಿ ಮಾತ್ರ ಕೂರುತ್ತದೆ. ತಳ ತೆರೆದಿರುವ ನಾಳಕ್ಕೆ ಸಿಮೆಂಟನ್ನು ಎಷ್ಟು ಒತ್ತಿದರೂ ಅದು ಕೆಳಗೆ ಜಾರುತ್ತದೆಯೇ ಹೊರತು ಪಕ್ಕದ ರಂಧ್ರಗಳಿಗೆ ಹೋಗುವುದಿಲ್ಲ. ಶಾವಿಗೆ ಒರಳಿನ ತಳದ ಬಿಲ್ಲೆಯನ್ನು ತೆಗೆದುಬಿಟ್ಟರೆ ಹಿಟ್ಟು ಎಳೆಯಾಗದೆ ಮುದ್ದೆಯಾಗಿಯೇ ಕೆಳಗೆ ಬೀಳುವಂತೆ. ರೆಸ್ಟ್ರಿಕ್ಟರ್ ಎಂಬ ಬಿರಡೆಯನ್ನು ಕಾಂಡದ ತುದಿಗಿಂತ ಸುಮಾರು ಒಂದರಿಂದ ಎರಡು ಸೆಂಟಿಮೀಟರ್ ಕೆಳಗೆ ಕೂರಿಸಿದಾಗ ನಾಳಕ್ಕೆ ತಳ ಸಿಗುತ್ತದೆ, ಒತ್ತಡ ನಿಲ್ಲುತ್ತದೆ, ಸಿಮೆಂಟ್ ಮೂಳೆಯೊಳಗೆ ಇಳಿಯುತ್ತದೆ, ಕಾಂಡದ ಸುತ್ತಲೂ ಕನಿಷ್ಠ ಎರಡು ಮಿಲಿಮೀಟರ್ ದಪ್ಪದ ಪದರ ಉಳಿಯಲು ಅನುಕೂಲವಾಗುತ್ತದೆ. ಇನ್ನೊಂದು ಲಾಭದ ಬಗ್ಗೆ ಯಾರೂ ಹೆಚ್ಚು ಮಾತನಾಡುವುದಿಲ್ಲ: ಮುಂದೆಂದಾದರೂ ಸೋಂಕಾಗಿ ಅಥವಾ ಸಡಿಲವಾಗಿ ಕೀಲನ್ನು ಬದಲಿಸಬೇಕಾಗಿ ಬಂದರೆ, ಹಳೆಯ ಸಿಮೆಂಟ್ ಎಲ್ಲಿಯವರೆಗೆ ಇಳಿದಿದೆಯೋ ಅಲ್ಲಿಯವರೆಗೂ ಕೆತ್ತಿ ತೆಗೆಯಬೇಕು. ಮಂಡಿಯ ಕಡೆಗೆ ಉದ್ದಕ್ಕೆ ಇಳಿದ ಸಿಮೆಂಟನ್ನು ತೆಗೆಯುವಾಗ ಮೂಳೆಯೇ ತೂತಾಗುವ ಸಂಭವವಿರುತ್ತದೆ.

ಇಂಜಿನಿಯರ್ ಅವರ ದೊಡ್ಡಪ್ಪನವರ ವಿಷಯ ನಿಜವಿರಬಹುದು. ಇಂಗ್ಲೆಂಡಿನ ರೈಟಿಂಗ್ಟನ್ ಆಸ್ಪತ್ರೆಯಲ್ಲಿ ಜಾನ್ ಚಾರ್ನ್‌ಲಿ 1962ರಿಂದ ಆಧುನಿಕ ಸಿಮೆಂಟ್ ಕೀಲುಗಳನ್ನು ಹಾಕಲು ತೊಡಗಿದಾಗ ಸಿಮೆಂಟನ್ನು ಬೆರಳಿನಿಂದಲೇ ಒತ್ತುತ್ತಿದ್ದರು. ಅವರ ಅನೇಕ ರೋಗಿಗಳು ದೀರ್ಘಕಾಲ ಚೆನ್ನಾಗಿಯೇ ನಡೆದಾಡಿದರು. ನಾಳದ ಬಿರಡೆ, ಸಿಮೆಂಟ್ ಗನ್, ನೀರು ಚಿಮ್ಮಿಸಿ ತೊಳೆಯುವ ಯಂತ್ರ ಇವು ಎರಡನೆಯ ತಲೆಮಾರಿನ ವಿಧಾನವಾಗಿ ಬಂದವು. ನಿರ್ವಾತದಲ್ಲಿ ಕಲೆಸುವುದು, ಮೇಲಿನಿಂದ ಮುಚ್ಚಿ ಒತ್ತಡ ಹಾಕುವುದು ಆಮೇಲೆ ಸೇರಿದವು. ಸ್ವೀಡನ್ ದೇಶವು 1979ರಿಂದ ಅಲ್ಲಿನ ಸೊಂಟದ ಕೀಲು ಶಸ್ತ್ರಚಿಕಿತ್ಸೆಗಳ ರಾಷ್ಟ್ರೀಯ ದಾಖಲೆಯನ್ನು ಇಟ್ಟುಕೊಂಡು ಬಂದಿದೆ. ಬಿರಡೆಯೂ ಸೇರಿದಂತೆ ಈ ಸುಧಾರಣೆಗಳಿಂದ ಕೀಲು ಸಡಿಲವಾಗುವುದು ಕಡಿಮೆಯಾಯಿತೆಂಬುದನ್ನು ಆ ದಾಖಲೆಗಳೇ ತೋರಿಸಿಕೊಟ್ಟವು. ಒಬ್ಬ ದೊಡ್ಡಪ್ಪನವರ ಅನುಭವವನ್ನು ಅಷ್ಟು ದೊಡ್ಡ ದಾಖಲೆಯ ಎದುರು ಇಟ್ಟು ತೂಗಲು ನನಗೆ ಧೈರ್ಯವಿಲ್ಲ.

ಇನ್ನು ಅಪಾಯದ ವಿಷಯ. ಒತ್ತಡ ಹೆಚ್ಚಿದಷ್ಟೂ ನಾಳದಲ್ಲಿ ಉಳಿದಿರುವ ಮಜ್ಜೆಯ ಕೊಬ್ಬು ರಕ್ತನಾಳಗಳಿಗೆ ನುಗ್ಗಿ ಶ್ವಾಸಕೋಶವನ್ನು ಸೇರುವ ಸಾಧ್ಯತೆ ಇರುತ್ತದೆ. ಆಗ ಬಿ.ಪಿ. ಕುಸಿಯಬಹುದು, ರಕ್ತದಲ್ಲಿ ಆಮ್ಲಜನಕ ಇಳಿಯಬಹುದು. ಅಪರೂಪಕ್ಕೆ ಪ್ರಾಣಕ್ಕೂ ಸಂಚಕಾರ ಬರುತ್ತದೆ. ಇದನ್ನು ಮುಚ್ಚಿಡುವುದು ಸರಿಯಲ್ಲ. ಹಾಗೆಂದು ಸಿಮೆಂಟನ್ನೇ ಬಿಡುವುದೂ ಪರಿಹಾರವಲ್ಲ. ವಯಸ್ಸಾದವರ ಟೊಳ್ಳಾದ ಮೂಳೆಗೆ ಸಿಮೆಂಟಿಲ್ಲದ ಕಾಂಡವನ್ನು ಬಡಿದು ಕೂರಿಸಿದರೆ ಆಗಲೋ ಆಮೇಲೋ ಮೂಳೆ ಸೀಳುವ ಭಯ ಹೆಚ್ಚು. ಈ ಬಗೆಯ ಮುರಿತದಲ್ಲಿ ಸಿಮೆಂಟ್ ಕೀಲನ್ನೇ ಹಾಕಬೇಕೆಂದು ಬ್ರಿಟನ್ನಿನಲ್ಲಿ ಚಿಕಿತ್ಸೆಯ ನಿಯಮಗಳನ್ನು ರೂಪಿಸುವ ನೈಸ್ ಸಂಸ್ಥೆಯ ಮಾರ್ಗಸೂಚಿಯೂ ಹೇಳುತ್ತದೆ. ಆದ್ದರಿಂದ ನೀವು ಕೇಳಬೇಕಾದದ್ದು ಬಿರಡೆ ಬೇಕೇ ಎಂದಲ್ಲ. ಸಿಮೆಂಟ್ ಹಾಕುವ ಮೊದಲು ನಾಳವನ್ನು ಚೆನ್ನಾಗಿ ತೊಳೆಯುತ್ತಾರೆಯೇ, ತಾಯಿಯವರ ಉಬ್ಬಸ ಮತ್ತು ಬಿ.ಪಿ. ವಿಚಾರ ಅರಿವಳಿಕೆ ವೈದ್ಯರಿಗೆ ಸಂಪೂರ್ಣವಾಗಿ ತಿಳಿದಿದೆಯೇ ಎಂದು ಕೇಳಿ. ಅವರು ಸೇವಿಸುವ ಮಾತ್ರೆಗಳ ಚೀಟಿಯನ್ನೂ ಇನ್‌ಹೇಲರನ್ನೂ ಇವತ್ತೇ ಅವರ ಕೈಗೆ ಕೊಡಿ.

ಓಟಿ ಸಿಸ್ಟರ್, ಚಿಕ್ಕಮಗಳೂರು:

ಎರಡು ಎಂದು ಏಕೆ ಬರೆದಿರುತ್ತಾರೆ ಎಂಬುದಕ್ಕೆ ನಮ್ಮ ಥಿಯೇಟರಿನಲ್ಲಿ ನಡೆಯುವುದನ್ನು ಹೇಳುತ್ತೇನೆ. ಬಿರಡೆಗಳು ಬೇರೆ ಬೇರೆ ವ್ಯಾಸದಲ್ಲಿ ಬರುತ್ತವೆ. ಯಾವುದು ಸರಿಹೊಂದುತ್ತದೆಯೆಂದು ಎಕ್ಸ್‌ರೇ ನೋಡಿ ಅಂದಾಜು ಮಾಡಬಹುದಾದರೂ ನಿಜವಾದ ಅಳತೆ ತಿಳಿಯುವುದು ನಾಳವನ್ನು ತೆರೆದ ಮೇಲೆಯೇ. ಉದ್ದನೆಯ ಹಿಡಿಯಿರುವ ಅಳತೆಗೋಲುಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಒಂದೊಂದಾಗಿ ಇಳಿಸುತ್ತಾ ಹೋಗುತ್ತಾರೆ. ಬೇಕಾದ ಆಳದಲ್ಲಿ ಯಾವುದು ಬಿಗಿಯಾಗಿ ನಿಂತು ಮುಂದೆ ಸರಿಯುವುದಿಲ್ಲವೋ ಆ ಅಳತೆಯನ್ನು ಡಾಕ್ಟರು ಕೂಗಿ ಹೇಳಿದ ಮೇಲೆಯೇ ನಾವು ಪ್ಯಾಕ್ ಒಡೆಯುತ್ತೇವೆ. ಬಿರಡೆಯನ್ನು ಗುರುತು ಹಾಕಿದ ಕೋಲಿನ ತುದಿಗೆ ಸಿಕ್ಕಿಸಿ, ಗುರುತು ಮೂಳೆಯ ಬಾಯಿಗೆ ಸಮನಾಗುವವರೆಗೆ ಮೆಲ್ಲಗೆ ತಟ್ಟಿ ಇಳಿಸುತ್ತಾರೆ. ಅದು ಸಡಿಲವಾಗಿ ಕೆಳಗೆ ಜಾರಿಬಿಟ್ಟರೆ ಅದರ ಮೇಲೆ ಇನ್ನೂ ದೊಡ್ಡದೊಂದನ್ನು ಇಳಿಸಬೇಕಾಗುತ್ತದೆ. ವಯಸ್ಸಾದ ಹೆಂಗಸರಲ್ಲಿ ಮೂಳೆಯ ಗೋಡೆ ತೆಳುವಾಗಿ ನಾಳ ಮೇಲಿನಿಂದ ಕೆಳಗಿನವರೆಗೂ ಅಗಲವಾಗಿರುವುದರಿಂದ ಹೀಗಾಗುವುದುಂಟು. ಅದಕ್ಕಾಗಿಯೇ ಒಂದು ಹೆಚ್ಚುವರಿ ಇಟ್ಟುಕೊಂಡಿರುತ್ತಾರೆ. ಆದರೆ ಒಡೆಯದ ಪ್ಯಾಕಿಗೆ ಹಣ ಕೊಡಬೇಕಾಗಿಲ್ಲ, ಅದನ್ನು ವಾಪಸ್ ಕಳುಹಿಸಲು ಬರುತ್ತದೆ.

ಬಳಸಿದ ಪ್ರತಿಯೊಂದು ಇಂಪ್ಲಾಂಟಿನ ಪ್ಯಾಕಿನಲ್ಲಿಯೂ ಲಾಟ್ ನಂಬರ್, ಅಳತೆ ಇರುವ ಸ್ಟಿಕ್ಕರುಗಳಿರುತ್ತವೆ. ಅವನ್ನು ಕೇಸ್ ಶೀಟಿಗೆ ಅಂಟಿಸುವುದು ನಮ್ಮ ಕೆಲಸ. ಆ ಪುಟದ ಪ್ರತಿಯನ್ನು ಕೇಳಿ ಪಡೆದುಕೊಳ್ಳಿ. ರೆಸ್ಟ್ರಿಕ್ಟರಿನ ಎಷ್ಟು ಸ್ಟಿಕ್ಕರುಗಳಿವೆಯೋ ಅಷ್ಟಕ್ಕೇ ಬಿಲ್ ಬರಬೇಕು.

ವೈದ್ಯರು ಹೇಳಿದ ತೊಳೆಯುವ ಕೆಲಸಕ್ಕೆ ಒಂದು ಮಾತು ಸೇರಿಸುತ್ತೇನೆ. ಬಿರಡೆ ಕೂರಿಸಿದ ಮೇಲೆ ಸಲೈನ್ ಚಿಮ್ಮಿಸಿ ನಾಳವನ್ನು ತೊಳೆಯುವಾಗ ಮೊದಮೊದಲು ಹೊರಗೆ ಬರುವ ನೀರಿನ ಮೇಲೆ ಎಣ್ಣೆಯ ಹನಿಗಳಂತೆ ಕೊಬ್ಬು ತೇಲುತ್ತಿರುತ್ತದೆ. ನೀರು ತಿಳಿಯಾಗುವವರೆಗೂ ಬಿಡದ ಸರ್ಜನ್ನರ ಜೊತೆ ಕೆಲಸ ಮಾಡಿದ್ದೇನೆ, ಅವಸರಪಡುವವರನ್ನೂ ನೋಡಿದ್ದೇನೆ. ಆಮೇಲೆ ಗಾಜ್ ಪಟ್ಟಿ ತುಂಬಿ ಒಣಗಿಸಿ, ಗನ್ನಿನ ಉದ್ದನೆಯ ನಳಿಕೆಯನ್ನು ಬಿರಡೆಯವರೆಗೂ ಇಳಿಸಿ ಕೆಳಗಿನಿಂದ ಮೇಲಕ್ಕೆ ತುಂಬುತ್ತಾ ಬರುತ್ತಾರೆ. ಸಿಮೆಂಟೇ ನಳಿಕೆಯನ್ನು ಮೇಲಕ್ಕೆ ತಳ್ಳುತ್ತಾ ಬಂದರೆ ಬಿರಡೆ ಜಾಗದಲ್ಲಿಯೇ ನಿಂತಿದೆಯೆಂದು ಅರ್ಥ. ‘ಸಿಮೆಂಟ್ ಹೋಗುತ್ತಿದೆ’ ಎಂದು ಸರ್ಜನ್ ಗಟ್ಟಿಯಾಗಿ ಹೇಳಬೇಕು, ಅರಿವಳಿಕೆ ವೈದ್ಯರು ಆ ಕ್ಷಣದಿಂದ ಮಾನಿಟರಿನಿಂದ ಕಣ್ಣು ತೆಗೆಯಬಾರದು. ನಮ್ಮ ಊರಿನ ಡಿಸೆಂಬರ್ ಬೆಳಗಿನ ಚಳಿಗೆ ಥಿಯೇಟರ್ ತಣ್ಣಗಿದ್ದರೆ ಸಿಮೆಂಟ್ ಹದಕ್ಕೆ ಬರುವುದು ತಡವಾಗುತ್ತದೆ, ಬೇಸಿಗೆಯಲ್ಲಿ ಎ.ಸಿ. ಕೈಕೊಟ್ಟರೆ ಗನ್ನಿನಲ್ಲಿಯೇ ಗಟ್ಟಿಯಾಗಿಬಿಡುವ ಭಯ. ಎರಡನೆಯದಕ್ಕೆ ನಾವು ಹೆಚ್ಚು ಹೆದರುತ್ತೇವೆ.

ನಿವೃತ್ತ ಇಂಜಿನಿಯರ್, ಚಿಕ್ಕಮಗಳೂರು:

ಸಿಸ್ಟರ್, ವೈದ್ಯರೇ, ವಿವರಣೆಗೆ ಧನ್ಯವಾದಗಳು. ತಳವಿಲ್ಲದೆ ಒತ್ತಡವಿಲ್ಲ ಎಂಬ ತರ್ಕವನ್ನು ಒಪ್ಪುತ್ತೇನೆ. ಆದರೆ ಹೇಗೂ ಮುರಿದ ಚೆಂಡನ್ನು ಹೊರಗೆ ತೆಗೆಯುತ್ತೀರಿ. ಆ ಮೂಳೆಯಿಂದಲೇ ಒಂದು ತುಂಡನ್ನು ಕತ್ತರಿಸಿ ನಾಳಕ್ಕೆ ಇಳಿಸಿದರೆ ಖರ್ಚೂ ಇಲ್ಲ, ದೇಹಕ್ಕೆ ಹೊರಗಿನ ವಸ್ತುವೂ ಸೇರುವುದಿಲ್ಲವಲ್ಲ?

ಮೂಳೆ ವೈದ್ಯ, ಹಾಸನ:

ಒಳ್ಳೆಯ ಪ್ರಶ್ನೆ ಸರ್. ಹಾಗೆ ಮಾಡುವವರಿದ್ದಾರೆ, ನಾನೂ ಮಾಡುತ್ತೇನೆ. ಅನುಭವವಿರುವ ಕೈಗೆ ಅದು ಒಪ್ಪತಕ್ಕ ವಿಧಾನವೇ. ಕಷ್ಟವಿರುವುದು ತುಂಡನ್ನು ನಾಳದ ಅಳತೆಗೆ ಸರಿಯಾಗಿ ಕೆತ್ತುವುದರಲ್ಲಿ. ಸವೆದು ಗಟ್ಟಿಯಾದ ಕೀಲಿನಿಂದ ತೆಗೆದ ಚೆಂಡಿನಲ್ಲಿ ಒಳ್ಳೆಯ ಮೂಳೆ ಸಿಗುತ್ತದೆ, ಆದರೆ ಬಿದ್ದು ಮುರಿದುಕೊಂಡ 78 ವರ್ಷದವರ ಚೆಂಡು ಎಷ್ಟೋ ಸಲ ಬೆರಳಲ್ಲಿ ಒತ್ತಿದರೆ ಪುಡಿಯಾಗುವಷ್ಟು ಮೆದುವಾಗಿರುತ್ತದೆ. ಒತ್ತಡ ಹಾಕುವಾಗ ಅದು ಕುಸಿದರೆ ಮತ್ತೆ ಮಾಡಲು ಸಮಯವಿರುವುದಿಲ್ಲ, ಏಕೆಂದರೆ ಅಷ್ಟು ಹೊತ್ತಿಗೆ ಸಿಮೆಂಟ್ ಕಲೆಸಿ ಆಗಿರುತ್ತದೆ. ಪಾಲಿಎಥಿಲೀನ್ ಬಿರಡೆಗೆ ಅಂಚಿನಲ್ಲಿ ಬಾಗುವ ರೆಕ್ಕೆಗಳಿದ್ದು, ನಾಳ ಪೂರ್ಣ ದುಂಡಗಿಲ್ಲದಿದ್ದರೂ ಹಿಡಿದುಕೊಳ್ಳುತ್ತದೆ. ಕಾಲಕ್ರಮದಲ್ಲಿ ಕರಗಿಹೋಗುವ ಜೆಲಾಟಿನ್ ಬಿರಡೆಗಳೂ ಇವೆ. ಇವುಗಳಲ್ಲಿ ಯಾವುದೆಂಬುದಕ್ಕಿಂತ ಸರಿಯಾದ ಅಳತೆಯದು ಸರಿಯಾದ ಆಳದಲ್ಲಿ ನಿಂತಿತೇ ಎಂಬುದು ಮುಖ್ಯ. ನಾಳ ಅತಿ ಕಿರಿದಾಗುವ ಜಾಗವನ್ನು ದಾಟಿ ಕೆಳಗೆ ಹೋದರೆ ಎಷ್ಟು ಬೆಲೆಯ ಬಿರಡೆಯೂ ನಿಲ್ಲುವುದಿಲ್ಲ.

ಆಸ್ಪತ್ರೆ ಸಹಾಯವಾಣಿಯಲ್ಲಿ ಕೆಲಸ ಮಾಡಿದವರು, ಹಾಸನ:

ಹಣದ ಬಗ್ಗೆ ಎರಡು ಮಾತು. ಕೇಂದ್ರದ ಬೆಲೆ ನಿಯಂತ್ರಣ ಪ್ರಾಧಿಕಾರವು 2017ರ ಆಗಸ್ಟ್‌ನಲ್ಲಿ ಗರಿಷ್ಠ ಬೆಲೆ ನಿಗದಿ ಮಾಡಿದ್ದು ಮಂಡಿಯ ಕೀಲುಗಳಿಗೆ. ಸೊಂಟದ ಕೀಲು ಆ ಆದೇಶದಲ್ಲಿ ಸೇರಿರಲಿಲ್ಲ. ಹಾಗಾಗಿ ಪ್ಯಾಕಿನ ಮೇಲಿರುವ ಎಂ.ಆರ್.ಪಿ.ಯನ್ನು ನೋಡಿ ಬಿಲ್ಲಿನ ಜೊತೆ ಹೋಲಿಸುವುದು ನಿಮ್ಮ ಕೈಯಲ್ಲಿರುವ ನೇರ ದಾರಿ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಡಿ ದಾಖಲಾಗಿದ್ದರೆ ಲೆಕ್ಕವೇ ಬೇರೆ. ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಪ್ಯಾಕೇಜ್ ದರದಲ್ಲಿ ಚಿಕಿತ್ಸೆ ಸಿಗುತ್ತದೆ, ಎ.ಪಿ.ಎಲ್. ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಷ್ಟನ್ನು 1.5 ಲಕ್ಷದ ಮಿತಿಯಲ್ಲಿ ಸರ್ಕಾರ ಭರಿಸುತ್ತದೆ. ಬಿ.ಪಿ.ಎಲ್. ರೋಗಿಯ ಪ್ಯಾಕೇಜಿನಲ್ಲಿ ಇಂಪ್ಲಾಂಟೂ ಸೇರಿರುವುದರಿಂದ ಬಿರಡೆಗೆಂದು ಪ್ರತ್ಯೇಕ ಹಣ ಕೇಳಿದರೆ ಆಸ್ಪತ್ರೆಯಲ್ಲಿ ಯೋಜನೆಯ ಪರವಾಗಿ ರೋಗಿಗಳಿಗೆ ನೆರವಾಗುವ ಆರೋಗ್ಯಮಿತ್ರರ ಗಮನಕ್ಕೆ ತನ್ನಿ.

ಬೆಳೆಗಾರ, ಮೂಡಿಗೆರೆ:

ಎಲ್ಲರಿಗೂ ಕೃತಜ್ಞತೆಗಳು. ಇವತ್ತು ಸಂಜೆ ಸರ್ಜನ್ನರನ್ನು ಭೇಟಿ ಮಾಡಿದೆ. ಅವರು ಬೇಸರಪಡದೆ ಎಕ್ಸ್‌ರೇ ತೋರಿಸಿ, ಅಮ್ಮನ ಮೂಳೆಯ ನಾಳ ಅಗಲವಾಗಿರುವುದರಿಂದ ದೊಡ್ಡ ಅಳತೆಯ ಎರಡನ್ನು ತರಿಸಿರುವುದಾಗಿಯೂ, ಬಳಸದಿದ್ದರೆ ಬಿಲ್ಲಿನಿಂದ ತೆಗೆಸುವುದಾಗಿಯೂ ಹೇಳಿದರು. ಅರಿವಳಿಕೆ ವೈದ್ಯರೂ ಬಂದು ಉಬ್ಬಸದ ವಿವರವನ್ನು ಕೇಳಿ ಬರೆದುಕೊಂಡು ಹೋದರು. ನಾಳೆ ಬೆಳಿಗ್ಗೆ ಮೊದಲ ಕೇಸು ಅಮ್ಮನದೇ. ಒಂದೇ ಒಂದು ಸಂಶಯ ಉಳಿದಿದೆ: ಒಳಗೆ ಉಳಿಯುವ ಈ ಪ್ಲಾಸ್ಟಿಕ್ಕಿನಿಂದ ಮುಂದೆ ಎಂ.ಆರ್.ಐ. ಮಾಡಿಸಲು ತೊಂದರೆಯಾಗುತ್ತದೆಯೇ? ಅದು ಸರಿಯಾಗಿ ಕುಳಿತಿದೆಯೆಂದು ನಮಗೆ ತಿಳಿಯುವುದು ಹೇಗೆ?

ಮೂಳೆ ವೈದ್ಯ, ಹಾಸನ:

ಪ್ಲಾಸ್ಟಿಕ್ ಬಿರಡೆಯಿಂದ ಎಂ.ಆರ್.ಐ.ಗೆ ಅಡ್ಡಿಯಿಲ್ಲ. ವಿಚಾರಿಸಬೇಕಾದದ್ದು ಕಾಂಡದ ಲೋಹದ ಬಗ್ಗೆ. ಸ್ಟಿಕ್ಕರಿನ ಪ್ರತಿಯನ್ನು ತೋರಿಸಿದರೆ ಸ್ಕ್ಯಾನಿಂಗಿನವರು ನೋಡಿ ಹೇಳುತ್ತಾರೆ. ಶಸ್ತ್ರಚಿಕಿತ್ಸೆಯ ನಂತರದ ಎಕ್ಸ್‌ರೇಯಲ್ಲಿ ಬಿರಡೆ ಸಾಮಾನ್ಯವಾಗಿ ಕಾಣುವುದೇ ಇಲ್ಲ, ಕೆಲವದರಲ್ಲಿ ಮಾತ್ರ ಗುರುತಿಗೆಂದು ಸಣ್ಣ ಲೋಹದ ತುಣುಕಿರುತ್ತದೆ. ಸಿಮೆಂಟಿಗೆ ಬೇರಿಯಂ ಸಲ್ಫೇಟ್ ಅಥವಾ ಜಿರ್ಕೋನಿಯಂ ಡೈಆಕ್ಸೈಡ್ ಬೆರೆಸಿರುವುದರಿಂದ ಅದು ಬೆಳ್ಳಗೆ ಕಾಣುತ್ತದೆ. ಕಾಂಡದ ತುದಿಯ ಸ್ವಲ್ಪ ಕೆಳಗೆ ಆ ಬಿಳುಪು ಗೆರೆ ಎಳೆದಂತೆ ನಿಂತಿದ್ದು, ಕಾಂಡಕ್ಕೂ ಮೂಳೆಗೂ ನಡುವೆ ಎಲ್ಲಿಯೂ ಕಪ್ಪು ಸಂದಿಯಿಲ್ಲದಿದ್ದರೆ ಬಿರಡೆ ತನ್ನ ಕೆಲಸ ಮಾಡಿದೆ ಎಂದರ್ಥ. ಆ ಫಿಲ್ಮನ್ನು ಡಿಸ್ಚಾರ್ಜ್ ಆಗುವಾಗ ಕೇಳಿ ತೆಗೆದುಕೊಳ್ಳಿ. ಮುಂದಿನ ತಪಾಸಣೆಗಳಲ್ಲಿ ಹೊಸ ಎಕ್ಸ್‌ರೇಯನ್ನು ಅದರ ಪಕ್ಕದಲ್ಲಿಟ್ಟೇ ನೋಡಬೇಕಾಗುತ್ತದೆ.