ಸಿಮ್ಯಾಪ್ ಊರ ಬಾವಿ ಅಲ್ಲ, ಮನೆ ಹಂಡೆ

ಗಿರಿ: (ಫಾರ್ವರ್ಡ್) ಕೊರೊಸಿಂಕ್ (ಹಲವು ಕಂಪ್ಯೂಟರ್‌ಗಳನ್ನ, ಅಂದ್ರೆ ನೋಡ್‌ಗಳನ್ನ, ಒಂದು ಕ್ಲಸ್ಟರ್ ಆಗಿ ಕಟ್ಟೋ ತಂತ್ರಾಂಶ) ಇದ್ದ ಮೇಲೆ ಬೇರೆ ಡೇಟಾಬೇಸ್ ಯಾಕೆ? ಅದರೊಳಗೇ ಸಿಮ್ಯಾಪ್ ಅನ್ನೋ ಕೀ-ಬೆಲೆ ಪಟ್ಟಿ ಇದೆ. ಹತ್ತು ಸಾಲು ಸಿ ಕೋಡ್ ಸಾಕು. ಒಂದು ನೋಡ್‌ನಲ್ಲಿ ಸಿಮ್ಯಾಪ್_ಸೆಟ್, ಕ್ಲಸ್ಟರ್‌ನ ಎಲ್ಲಾ ನೋಡ್‌ಗಳಲ್ಲೂ ಸಿಮ್ಯಾಪ್_ಗೆಟ್! ಕೋಡ್ ಸ್ಕ್ರೀನ್‌ಶಾಟ್ ಕೆಳಗಿದೆ 👇

ಗಿರಿ: ಇಷ್ಟು ಸುಲಭ ಇದ್ರೆ ಎಟ್‌ಸಿಡಿ (ಎಲ್ಲಾ ನೋಡ್‌ಗಳಲ್ಲೂ ಒಂದೇ ಡೇಟಾ ಇಡೋ ಡೇಟಾಬೇಸ್) ಕಟ್ಟಿಕೊಂಡು ಯಾಕ್ರೋ ಒದ್ದಾಡೋದು?

ವಾಣಿ: 'ಎಲ್ಲಾ ನೋಡ್‌ಗಳಲ್ಲೂ' ಅನ್ನೋದೇ ಸುಳ್ಳು. ಸಿಮ್ಯಾಪ್ ಊರ ಬಾವಿ ಅಲ್ಲ, ಅವರವರ ಮನೆ ಹಂಡೆ. ಪ್ರತಿ ನೋಡ್‌ನ ಕೊರೊಸಿಂಕ್ ತನ್ನ ಮೆಮೊರಿಯಲ್ಲಿ ತನ್ನದೇ ಪ್ರತಿ ಇಟ್ಟುಕೊಂಡಿರುತ್ತೆ. ನೀನು ಬರೆದದ್ದು ಪಕ್ಕದ ನೋಡ್‌ಗೆ ಹೋಗಲ್ಲ, ರೀಸ್ಟಾರ್ಟ್ ಮಾಡಿದ್ರೆ ನಿನ್ನ ನೋಡ್‌ನಲ್ಲೂ ಉಳಿಯಲ್ಲ. ವಾಪಸ್ ಬರೋದು ಸೆಟ್ಟಿಂಗ್ ಫೈಲು ಕೊರೊಸಿಂಕ್.ಕಾನ್ಫ್‌ನಲ್ಲಿ ಇರೋದು ಮಾತ್ರ.

ಗಿರಿ: ಮತ್ತೆ ರನ್‌ಟೈಮ್.ಮೆಂಬರ್ಸ್ ಅನ್ನೋ ಸಿಮ್ಯಾಪ್ ಕೀ ಅಡಿ ಎಲ್ಲಾ ನೋಡ್‌ಗಳ ಐಪಿ, ಸ್ಟೇಟಸ್ ಕಾಣುತ್ತಲ್ಲ? ಅದು ಹಂಚಿಕೊಂಡಿದ್ದಲ್ವಾ?

ವಾಣಿ: ಹಂಚಿದ್ದು ಟೋಟೆಮ್ (ಕೊರೊಸಿಂಕ್‌ನಲ್ಲಿ ನೋಡ್‌ಗಳ ನಡುವೆ ಸಂದೇಶ ಸಾಗಿಸೋ ಪದರ), ಸಿಮ್ಯಾಪ್ ಅಲ್ಲ. ಮೆಂಬರ್‌ಶಿಪ್ ಬದಲಾದ ಸುದ್ದಿ ಟೋಟೆಮ್‌ನಿಂದ ಪ್ರತಿ ನೋಡ್‌ಗೂ ಮುಟ್ಟುತ್ತೆ, ಪ್ರತಿ ನೋಡ್ ಅದನ್ನ ತನ್ನ ಹಂಡೆಗೆ ಹಾಕಿಕೊಳ್ಳುತ್ತೆ. ಅದಕ್ಕೇ ಒಂದೇ ಥರ ಕಾಣೋದು.

ಗಿರಿ: ಸರಿ, ಸಿಎಫ್‌ಜಿಟೂಲ್ ಕಮಾಂಡ್‌ಗೆ ಮೈನಸ್ ದೊಡ್ಡ ಆರ್ ಕೊಟ್ರೆ ಎಲ್ಲಾ ಕಡೆ ರೀಲೋಡ್ ಆಗುತ್ತಲ್ಲ. ಅದಕ್ಕೇನಂತೀಯ?

ಶೆಣೈ: ಆಗುತ್ತೆ, ಆದ್ರೆ ಪ್ರತಿ ನೋಡ್ ಓದೋದು ತನ್ನ ಡಿಸ್ಕಿನ ಫೈಲು. ಮೊದಲು ಫೈಲು ಎಲ್ಲಾ ಕಡೆ ಕಾಪಿ, ಆಮೇಲೆ ರೀಲೋಡ್. ಕಾಪಿ ಮರೆತ್ರೆ ಒಂದು ನೋಡ್ ಹಳೇ ಟೋಕನ್ ಟೈಮ್‌ಔಟ್‌ನಲ್ಲೇ (ನೋಡ್‌ಗಳ ನಡುವೆ ಸುತ್ತೋ ಟೋಕನ್‌ಗೆ ಎಷ್ಟು ಹೊತ್ತು ಕಾಯಬೇಕು ಅನ್ನೋ ಮಿತಿ) ಓಡ್ತಿರುತ್ತೆ. ಟೋಟೆಮ್.ಟೋಕನ್ ನೋಡಿ ಸಮಾಧಾನಪಡಬೇಡಿ, ರನ್‌ಟೈಮ್.ಕಾನ್ಫಿಗ್.ಟೋಟೆಮ್.ಟೋಕನ್ ನೋಡಿ. ಫೈಲಲ್ಲಿ 3000 ಬರೆದು ನೋಡ್‌ಲಿಸ್ಟ್‌ನಲ್ಲಿ 5 ನೋಡ್ ಇದ್ರೆ ಎರಡರ ಮೇಲಿನ ಪ್ರತಿ ನೋಡ್‌ಗೂ 650 ಸೇರಿ ನಿಜವಾಗಿ ಓಡೋದು 3000 + 3×650 = 4950 ಮಿಲಿಸೆಕೆಂಡ್.

ರಫೀಕ್: ವಾದ ಬಿಡಿ, ಆ ಸ್ಕ್ರೀನ್‌ಶಾಟ್ ಕೋಡ್ ಒಂದೇ ನೋಡ್‌ನಲ್ಲೂ ಸರಿಯಾಗಿ ಓಡಲ್ಲ. 'ಇಫ್ (ಸಿಮ್ಯಾಪ್_ಸೆಟ್_ಯುಇಂಟ್32(...)) ಎರರ್' ಅಂತ ಬರೆದಿದ್ದಾನೆ. ಸಿಎಸ್_ಓಕೆ ಬೆಲೆ 1, ಸೊನ್ನೆ ಅಲ್ಲ! ಗೆದ್ದಾಗಲೂ ಎರರ್ ಅಂತಾನೇ ಹೇಳುತ್ತೆ. ಯಾವಾಗಲೂ ಸಿಎಸ್_ಓಕೆ ಜೊತೆ ಹೋಲಿಸಬೇಕು. 6 ಬಂದ್ರೆ ಅದು ಟ್ರೈ_ಅಗೇನ್, ಸ್ವಲ್ಪ ತಡೆದು ಮತ್ತೆ ಕೇಳಬೇಕು, ಎಕ್ಸಿಟ್ ಆಗೋದಲ್ಲ.

ರಫೀಕ್: ಇನ್ನೊಂದು, ಗೆಟ್_ಸ್ಟ್ರಿಂಗ್ ಕೊಡೋ ಮೆಮೊರಿಯನ್ನ ಫ್ರೀ ಮಾಡೋದು ನಮ್ಮ ಕೆಲಸ. ಅವನು ಅದನ್ನ ಲೂಪ್‌ನಲ್ಲಿ ಕರೆದು ಕೈತೊಳೆದುಕೊಂಡಿದ್ದಾನೆ. ಕೀ ಹೆಸರಿಗೆ 64 ಬೈಟ್ ಬಫರ್ ಬೇರೆ! ಹೆಸರು 255 ಅಕ್ಷರದ ತನಕ ಇರಬಹುದು, ಇಟರ್_ನೆಕ್ಸ್ಟ್‌ಗೆ 256 ಬೈಟ್ ಕೊಡಬೇಕು.

ಗಿರಿ: ಕೀ ಬದಲಾದ್ರೆ ಸುದ್ದಿ ಕೊಡು ಅನ್ನೋ ಟ್ರ್ಯಾಕ್ ಹಾಕಿದ್ದಾದ್ರೂ ಸರಿ ಇದೆಯಾ? ಕಾಲ್‌ಬ್ಯಾಕ್ ಒಂದ್ಸಲವೂ ಬರ್ತಿಲ್ಲ ಅಂತ ಕೆಳಗೆ ಯಾರೋ ಹಾಕಿದ್ದಾರೆ.

ರಫೀಕ್: ಎರಡು ಕಾರಣ ಇರಬಹುದು. ಟ್ರ್ಯಾಕ್_ಆ್ಯಡ್ ಮಾಡಿದ್ರೆ ಸಾಲದು. ಎಫ್‌ಡಿ_ಗೆಟ್‌ನಿಂದ ಸಿಕ್ಕ ಡಿಸ್ಕ್ರಿಪ್ಟರನ್ನ ಪೋಲ್‌ಗೆ ಕೊಟ್ಟು, ಅದು ಎದ್ದಾಗ ಸಿಮ್ಯಾಪ್_ಡಿಸ್ಪ್ಯಾಚ್ ಕರೀಬೇಕು. ಇಲ್ಲಾಂದ್ರೆ ಸುದ್ದಿ ಬಾಗಿಲಲ್ಲೇ ನಿಂತಿರುತ್ತೆ. ಎರಡನೇದು, ಇದ್ದ ಬೆಲೆಯನ್ನೇ ಮತ್ತೆ ಸೆಟ್ ಮಾಡಿದ್ರೆ ಸುದ್ದಿಯೇ ಹುಟ್ಟಲ್ಲ. ಹಾರ್ಟ್‌ಬೀಟ್‌ಗೆ ದಿನವಿಡೀ 1 ಬರೀತಾ ಕೂತ್ರೆ ಮೊದಲನೇ ಸಲ ಬಿಟ್ಟು ಯಾರಿಗೂ ಗೊತ್ತಾಗಲ್ಲ. ಕೌಂಟರ್ ಇಟ್ಟು ಸಿಮ್ಯಾಪ್_ಇಂಕ್‌ನಿಂದ ಒಂದೊಂದೇ ಏರಿಸಿ, ಕೀ ಮೊದಲೇ ಇರಬೇಕು ಅಷ್ಟೆ.

ಶೆಣೈ: ರೀಲೋಡ್ ನಡೀವಾಗ ಒಂದೊಂದು ಕೀಗೂ ಬೇರೆ ಬೇರೆ ಸುದ್ದಿ ಬರುತ್ತೆ. ಬಂದದ್ದನ್ನ ಬಂದಂಗೆ ಜಾರಿ ಮಾಡಿದ್ರೆ ಅರ್ಧ ಹಳೇದು ಅರ್ಧ ಹೊಸದು. ಕಾನ್ಫಿಗ್.ರೀಲೋಡ್_ಇನ್_ಪ್ರೋಗ್ರೆಸ್ 1 ಇರೋ ತನಕ ಸುಮ್ಮನಿದ್ದು, 0 ಆದ ಮೇಲೆ ಎಲ್ಲಾ ಒಟ್ಟಿಗೆ ಓದಿ. ಅಂದಹಾಗೆ ಸಿಮ್ಯಾಪ್‌ಗೆ ಮೊದಲಿದ್ದ ಕಾನ್ಫ್‌ಡಿಬಿ ಅಂತ ಹುಡುಕಿ ಸಿಗೋ ಉದಾಹರಣೆಗಳು ಕೊರೊಸಿಂಕ್ 1.x ಕಾಲದವು. ಆ ಲೈಬ್ರರಿ 2012ರ 2.0ನಲ್ಲೇ ಹೋಯ್ತು. ಆಬ್ಜೆಕ್ಟ್ ಹ್ಯಾಂಡಲ್ ಹಿಡಿದು ಮರ ಹತ್ತೋ ಕೆಲಸ ಈಗಿಲ್ಲ, ಚುಕ್ಕಿ ಹಾಕಿದ ಕೀ ಹೆಸರಷ್ಟೆ.

ಗಿರಿ: ನಿಜಕ್ಕೂ ಎಲ್ಲಾ ನೋಡ್‌ಗೂ ಒಂದು ಬೆಲೆ ಮುಟ್ಟಿಸಬೇಕಂದ್ರೆ?

ವಾಣಿ: ಕೊರೊಸಿಂಕ್‌ನಲ್ಲೇ ಸಿಪಿಜಿ (ಗುಂಪಿನ ಪ್ರೋಗ್ರಾಂಗಳು ಸಂದೇಶ ಹಂಚಿಕೊಳ್ಳೋ ಸೇವೆ) ಇದೆಯಲ್ಲ. ಬದಲಾವಣೆಯನ್ನ ಗುಂಪಿಗೆ ಮಲ್ಟಿಕಾಸ್ಟ್ ಮಾಡು. ಸಂದೇಶಗಳು ಎಲ್ಲಾ ನೋಡ್‌ಗೂ ಒಂದೇ ಕ್ರಮದಲ್ಲಿ ಬರುತ್ತವೆ. ಕಳಿಸಿದವನೂ ಕಳಿಸಿದ ಕೂಡ್ಲೇ ಬರ್ಕೋಬಾರದು, ತನ್ನ ಸಂದೇಶ ತನಗೇ ವಾಪಸ್ ಬಂದ ಮೇಲೆ ಬರ್ಕೋಬೇಕು. ಈ ಜಾಗದಲ್ಲೇ ಎಲ್ಲರೂ ಎಡವೋದು: ಇಬ್ಬರು ಒಟ್ಟಿಗೆ ಕಳಿಸಿದಾಗ ಕ್ರಮ ತಪ್ಪಿ ಎರಡು ನೋಡ್‌ನಲ್ಲಿ ಎರಡು ಬೆಲೆ. ತಡವಾಗಿ ಸೇರಿದ ನೋಡ್‌ಗೆ ಹಳೇ ಸಂದೇಶ ಸಿಗಲ್ಲ, ಪೂರ್ತಿ ಸ್ಥಿತಿಯನ್ನ ನೀನೇ ಕಳಿಸೋ ಕೋಡ್ ಬರೀಬೇಕು. ಕೋರಂ (ನೋಡ್‌ಗಳ ಬಹುಮತ) ಇಲ್ಲದ ಕಡೆ ಬರೆಯೋದನ್ನ ನಿಲ್ಲಿಸಬೇಕು, ಸಿಪಿಜಿ ತಾನಾಗಿ ನಿಲ್ಲಿಸಲ್ಲ. ಇಷ್ಟೆಲ್ಲಾ ಬರೆಯೋ ಹೊತ್ತಿಗೆ ನಿನ್ನ ಹತ್ತು ಸಾಲು ಸಾವಿರ ಆಗಿರುತ್ತೆ. ಅದಕ್ಕೇ ಎಟ್‌ಸಿಡಿ.

ಗಿರಿ: ನಮ್ಮದು ಎರಡೇ ನೋಡ್ ಮಾರಾಯ್ತಿ.

ವಾಣಿ: ಹಾಗಾದ್ರೆ ಇನ್ನೂ ಕಷ್ಟ. ಕೊರೊಸಿಂಕ್.ಕಾನ್ಫ್‌ನಲ್ಲಿ ಟೂ_ನೋಡ್ 1 ಅಂತ ಹಾಕಿದ್ರೆ ಲಿಂಕ್ ಕಡಿದಾಗ ಎರಡೂ ಕಡೆ ತನಗೇ ಕೋರಂ ಇದೆ ಅನ್ನುತ್ತೆ. ಫೆನ್ಸಿಂಗ್ (ಸಂಪರ್ಕ ತಪ್ಪಿದ ನೋಡನ್ನ ಬಲವಂತವಾಗಿ ನಿಲ್ಲಿಸೋದು) ಇಲ್ಲದೆ ಏನೂ ಬರೀಬೇಡ.

ಗಿರಿ: ಸರಿ, ಫಾರ್ವರ್ಡ್ ಡಿಲೀಟ್ ಮಾಡ್ತೀನಿ.

ಶೆಣೈ: ಮಾಡಬೇಡ, ಕೆಳಗಿನ ಮಾತಿಗೆ ತಲೆಬುಡ ಇರಲ್ಲ. ಆ ಸ್ಕ್ರೀನ್‌ಶಾಟ್ ಮೇಲೆ ಕೆಂಪಲ್ಲಿ ಗೀಟು ಎಳೆದು ಹಾಕು.